ಸ್ವಂತ ಪ್ರಕಾಶನಕ್ಕೆ ಸಂಕೋಚ ಬೇಡ

ಸ್ವಂತ ಖರ್ಚಿನಲ್ಲಿ ಕಥಾಸಂಕಲನ ತಂದರೆ ಜನ ಹಗುರವಾಗಿ ಕಂಡಾರು ಎಂಬ ಅಳುಕು ನಿಮ್ಮದು. ಅದನ್ನು ಬಿಡಿ. ಮೈಸೂರಿನಲ್ಲಿ ಕುವೆಂಪು ಅವರ ಹಲವು ಕೃತಿಗಳು ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಬಂದವು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಮಾರಿದರು. ಬರಹ ಗಟ್ಟಿಯಾಗಿದ್ದರೆ ಓದುಗರು ಪ್ರಕಾಶಕರ ಹೆಸರು ಕೇಳುವುದಿಲ್ಲ.

ಆದರೆ ಪ್ರಕಾಶಕರ ಹೊಣೆಯೆಲ್ಲ ಈಗ ನಿಮ್ಮ ಹೆಗಲಿಗೆ. ಮೊದಲ ಹಣವನ್ನು ಒಳ್ಳೆಯ ಸಂಪಾದಕರಿಗೆ, ಕರಡು ತಿದ್ದುವವರಿಗೆ ಕೊಡಿ. ಮುಖಪುಟದ ಯೋಚನೆ ಆಮೇಲೆ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ಉಚಿತವಾಗಿ ಕೊಡುತ್ತದೆ. ಡಿಜಿಟಲ್ ಮುದ್ರಣದಲ್ಲಿ 100 ಪ್ರತಿಗಳಿಂದಲೇ ಆರಂಭಿಸಬಹುದು, ಸಾಲ ಮಾಡಬೇಡಿ. ಯಾರೊಂದಿಗೆ ಒಪ್ಪಂದವಾದರೂ ಹಕ್ಕುಸ್ವಾಮ್ಯ ಮಾತ್ರ ನಿಮ್ಮಲ್ಲೇ ಇರಲಿ.