ನಾಯಿ ಕಚ್ಚಿತೆಂದರೆ ಹೊಟ್ಟೆಯನ್ನೂ ನೋಡಿ

1. ಅಂಗಿ ಎತ್ತಿಸಿ ನೋಡಿ. ಸಾಕಿದ ನಾಯಿಯ ಹಲ್ಲು ಬೆರಳಿಗೆ ತಾಗಿತೆಂದು ರೈತರೊಬ್ಬರು ಬಂದಿದ್ದರು. ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆಸಿ, ರೇಬಿಸ್ ಲಸಿಕೆ ಬರೆದು ಕಳಿಸಿದೆ. ನಾಲ್ಕನೇ ದಿನ ನಡುಕದ ಜ್ವರ, ಬಿಪಿ ಕುಸಿತ, ಕಾಲಿನ ಮೇಲೆಲ್ಲ ನೇರಳೆ ಕಲೆ. "ಸೂಜಿ ಹಾಕ್ಸಿದೀವಲ್ಲ ಡಾಕ್ಟ್ರೇ" ಎಂದು ಹೆಂಡತಿ ಕೇಳಿದರು. ರೈತರ ಹೊಟ್ಟೆಯ ಮೇಲಿನ ಉದ್ದನೆಯ ಹೊಲಿಗೆ ಗುರುತು ನನ್ನ ಕಣ್ಣಿಗೆ ಬಿದ್ದದ್ದು ಐಸಿಯುನಲ್ಲಿ. ಹಳೆಯ ಬೈಕ್ ಅಪಘಾತದಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ತೆಗೆಸಿದ್ದರು. ಜೀವ ಉಳಿಯಿತು, ಕಾಲಿನ ಎರಡು ಬೆರಳು ಉಳಿಯಲಿಲ್ಲ.

2. ರೇಬಿಸ್ ಲಸಿಕೆ ವೈರಸ್ಸಿಗೆ ಮಾತ್ರ. ಇಲ್ಲಿ ರಕ್ತಕ್ಕೆ ನಂಜೇರಿಸಿದ್ದು ಕ್ಯಾಪ್ನೋಸೈಟೋಫಾಗಾ ಕ್ಯಾನಿಮಾರ್ಸಸ್ ಎಂಬ ಬ್ಯಾಕ್ಟೀರಿಯಾ. 1976ರಲ್ಲಿ ಮೊದಲು ವರದಿಯಾಗಿ 1989ರಲ್ಲಿ ಹೆಸರು ಪಡೆದ ಇದು ಆರೋಗ್ಯವಾಗಿರುವ ನಾಯಿ, ಬೆಕ್ಕುಗಳ ಬಾಯಲ್ಲೇ ಇರುತ್ತದೆ. ರಕ್ತದಿಂದ ಇಂಥವನ್ನು ಸೋಸಿ ತೆಗೆಯುವುದು ಗುಲ್ಮ. ಅದಿಲ್ಲದವರಿಗೆ ಕಚ್ಚಿದ ದಿನವೇ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಶುರು ಮಾಡಬೇಕು, 3ರಿಂದ 5 ದಿನ. ನಾನು ಅಂದು ಬರೆಯದೆ ಬಿಟ್ಟದ್ದು ಇದೇ ಮಾತ್ರೆ.

3. ಬ್ಲಡ್ ಕಲ್ಚರ್ ವರದಿಗೆ ಕಾಯಬೇಡಿ. ಇದು ಬೆಳೆಯಲು ಹಲವು ದಿನ ಬೇಕು, ರೋಗಿಗೆ ಅಷ್ಟು ಗಂಟೆಗಳೂ ಇರುವುದಿಲ್ಲ. ರಕ್ತ ತೆಗೆದ ಕೈಯಲ್ಲೇ ಆ್ಯಂಟಿಬಯಾಟಿಕ್ ಏರಿಸಿ. "ನಾಯಿ ಕಚ್ಚಿದೆ, ಗುಲ್ಮವಿಲ್ಲ" ಎಂದು ಲ್ಯಾಬಿಗೆ ಫೋನ್ ಮಾಡಿ ಹೇಳಿ, ಆಗ ಅವರು ಬಾಟಲಿಯನ್ನು ಬೇಗ ಎಸೆಯುವುದಿಲ್ಲ.

4. ಕಚ್ಚಲೇಬೇಕೆಂದಿಲ್ಲ, ಹಸಿ ಗಾಯವನ್ನು ನೆಕ್ಕಿದರೂ ಸಾಕು. ಕುಡಿತದಿಂದ ಲಿವರ್ ಕೆಟ್ಟವರು, ಸ್ಟೀರಾಯ್ಡ್ ಅಥವಾ ಕೀಮೋ ತೆಗೆದುಕೊಳ್ಳುತ್ತಿರುವವರನ್ನೂ ಇದೇ ಕಣ್ಣಿನಿಂದ ನೋಡಿ.

 

5. ನಾಯಿಯನ್ನು ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೊಲದ ಮನೆಯಲ್ಲಿ ಅದಿಲ್ಲದೆ ರಾತ್ರಿ ಕಳೆಯುವುದು ಕಷ್ಟ. ಆ ರೈತರ ನಾಯಿಯೂ ಇನ್ನೂ ಅವರ ಜೊತೆಗಿದೆ. ಅವರ ಅಂಗಿ ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಜೊತೆ ಒಂದು ಚೀಟಿ ಇರುತ್ತದೆ: "ನನಗೆ ಗುಲ್ಮ ಇಲ್ಲ. ಜ್ವರ ಬಂದರೆ ತಡ ಮಾಡದೆ ಆ್ಯಂಟಿಬಯಾಟಿಕ್ ಕೊಡಿ." ಕನ್ನಡದಲ್ಲೇ ಬರೆದುಕೊಟ್ಟೆ. ಜ್ವರ ಏರಿ ಅವರಿಗೆ ಮಾತು ನಿಂತರೆ, ಅದನ್ನು ಓದಬೇಕಾದವರು ಹೆಂಡತಿ.