ಐ-3 ಸಾಕೇ, ಐ-7 ಬೇಕೇ?



ಕಳೆದ ವರ್ಷ ಮಧ್ಯಾವಧಿ ಪರೀಕ್ಷೆ ಮುಗಿದ ಮರುದಿನ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಸರ್, ನಮ್ಮ ಮಾಮ ಮುಂದಿನ ತಿಂಗಳು ದುಬೈಯಿಂದ ಊರಿಗೆ ಬರ್ತಾರೆ. ನನಗೆ ಲ್ಯಾಪ್‌ಟಾಪ್ ತರ್ತಾರಂತೆ. ಐ-3 ಸಾಕಾ, ಐ-7 ಬೇಕಾ ಅಂತ ಸರ್ ಹತ್ರ ಕೇಳ್ಕೊಂಡು ಬಾ ಅಂದ್ರು ಉಮ್ಮ" ಎಂದಳು. ಇಲ್ಲಿಯ ಅಂಗಡಿಯೊಂದರಲ್ಲಿ ವಿಚಾರಿಸಿದ್ದರಂತೆ. ಐ-7ಕ್ಕಿಂತ ಕಡಿಮೆಯದು ತೆಗೆದುಕೊಂಡರೆ ಎರಡೇ ವರ್ಷದಲ್ಲಿ ಸ್ಲೋ ಆಗುತ್ತದೆ ಎಂದು ಅಲ್ಲಿಯವರು ಹೆದರಿಸಿದ್ದರಂತೆ.

"ಲ್ಯಾಪ್‌ಟಾಪಿನಲ್ಲಿ ಏನೇನು ಮಾಡ್ತೀಯಮ್ಮಾ?" ಎಂದು ಕೇಳಿದೆ. ಅಸೈನ್‌ಮೆಂಟ್ ಟೈಪ್ ಮಾಡುವುದು, ಪೈಥಾನ್ ಪ್ರೋಗ್ರಾಂ ಬರೆಯುವುದು, ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು, ಪಾಠದ ವೀಡಿಯೊ ನೋಡುವುದು. ಪಟ್ಟಿ ಅಷ್ಟೇ. ಎರಡು ಲ್ಯಾಪ್‌ಟಾಪ್‌ಗಳ ಬೆಲೆಯ ಅಂತರ ಮಾತ್ರ ಅವಳ ತಮ್ಮನ ಒಂದು ವರ್ಷದ ಶಾಲಾ ಫೀಸಿನಷ್ಟಿತ್ತು. ಆ ಹಣ ಉಳಿಸಬಹುದಾದದ್ದೇ ಅಥವಾ ಕೊಡಲೇಬೇಕಾದದ್ದೇ? ಊಹೆಯಿಂದ ಉತ್ತರಿಸುವ ಬದಲು ಲೆಕ್ಕ ಮಾಡಿ ನೋಡೋಣ.

ಗಡಿಯಾರದ ಓಟ

ಪ್ರತಿಯೊಂದು ಪ್ರೊಸೆಸರಿನೊಳಗೂ ಒಂದು ಗಡಿಯಾರದ ಮಿಡಿತವಿರುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಮಿಡಿಯುತ್ತದೆ ಎಂಬುದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತೇವೆ. 1971ರಲ್ಲಿ ಬಂದ ಇಂಟೆಲ್ 4004 ಎಂಬ ಮೈಕ್ರೊಪ್ರೊಸೆಸರಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್‌ಗಳಿದ್ದವು. ಅದರ ಗಡಿಯಾರದ ವೇಗ 740 ಕಿಲೊಹರ್ಟ್ಸ್. 2000ದ ಮಾರ್ಚ್‌ನಲ್ಲಿ ಎಎಂಡಿ ಮತ್ತು ಇಂಟೆಲ್ ಕಂಪೆನಿಗಳು ಕೆಲವೇ ದಿನಗಳ ಅಂತರದಲ್ಲಿ 1 ಗಿಗಾಹರ್ಟ್ಸ್ ಗಡಿಯನ್ನು ದಾಟಿದವು. 2004ರ ಕೊನೆಗೆ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ತಲುಪಿತು. ಅಂದರೆ 33 ವರ್ಷಗಳಲ್ಲಿ ವೇಗ ಸುಮಾರು 5,000 ಪಟ್ಟು ಹೆಚ್ಚಿತು. ಆ ಕಾಲದಲ್ಲಿ ಹೊಸ ಕಂಪ್ಯೂಟರ್ ಕೊಂಡವರಿಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು. "ಹೊಸದು ಬಂದರೆ ಬದಲಾಯಿಸು" ಎಂಬ ಅಭ್ಯಾಸ ಹುಟ್ಟಿದ್ದು ಆಗಲೇ. ಅಂದಿಗೆ ಅದು ತಪ್ಪೇನೂ ಆಗಿರಲಿಲ್ಲ.

ಆಮೇಲೆ ಏನಾಯಿತು? ಇಂಟೆಲ್ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಹೊರತರುವ ಯೋಜನೆಯನ್ನು 2004ರಲ್ಲೇ ಕೈಬಿಟ್ಟಿತು. 2023ರಲ್ಲಿ ಅದೇ ಕಂಪೆನಿಯ ಅತಿ ದುಬಾರಿ ಡೆಸ್ಕ್‌ಟಾಪ್ ಪ್ರೊಸೆಸರಿನ ಗರಿಷ್ಠ ವೇಗ 6 ಗಿಗಾಹರ್ಟ್ಸ್. 19 ವರ್ಷಗಳಲ್ಲಿ ಹೆಚ್ಚಿದ್ದು ಎರಡು ಪಟ್ಟಿಗಿಂತಲೂ ಕಡಿಮೆ.

ಓಟ ನಿಧಾನವಾದದ್ದೇಕೆ?

ಕಾರಣ ನಿಮ್ಮ ಭೌತಶಾಸ್ತ್ರದ ಪಾಠದಲ್ಲೇ ಇದೆ. ಟ್ರಾನ್ಸಿಸ್ಟರ್‌ಗಳು ಸ್ವಿಚ್ಚಿನಂತೆ ತೆರೆದು ಮುಚ್ಚುವಾಗ ಖರ್ಚಾಗುವ ವಿದ್ಯುತ್ ಶಕ್ತಿಯು ಗಡಿಯಾರದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ವೋಲ್ಟೇಜನ್ನೂ ಇಳಿಸುತ್ತ ಹೋದರೆ ಬಿಸಿ ಹೆಚ್ಚದೆ ವೇಗ ಹೆಚ್ಚಿಸಬಹುದು ಎಂದು ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟಿದ್ದರು. ಮೂರು ದಶಕ ಇದು ನಡೆಯಿತು. ಆದರೆ ವೋಲ್ಟೇಜ್ ಸುಮಾರು 1 ವೋಲ್ಟ್‌ನ ಹತ್ತಿರ ಬಂದಾಗ ಇನ್ನೂ ಇಳಿಸುವುದು ಕಷ್ಟವಾಯಿತು. ಸ್ವಿಚ್ ಮುಚ್ಚಿದ್ದರೂ ವಿದ್ಯುತ್ ಸೋರತೊಡಗಿತು. 3.8 ಗಿಗಾಹರ್ಟ್ಸ್‌ನ ಪೆಂಟಿಯಂ 4ರ ವಿನ್ಯಾಸ ಶಕ್ತಿ 115 ವ್ಯಾಟ್. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಹಳೆಯ ನೂರು ಕ್ಯಾಂಡಲ್ ಬಲ್ಬಿಗಿಂತ ಹೆಚ್ಚಿನ ಬಿಸಿ!

ಹೀಗಾಗಿ ಕಂಪೆನಿಗಳು ದಾರಿ ಬದಲಿಸಿದವು. ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ಕೋರ್‌ಗಳನ್ನು ಇರಿಸಿದವು; ಒಂದು ಮಿಡಿತದಲ್ಲಿ ಹೆಚ್ಚು ಕೆಲಸ ಮುಗಿಯುವಂತೆ ವಿನ್ಯಾಸ ಮಾಡಿದವು. 2006ರ ಕೋರ್ 2 ಡ್ಯುಯೊ ಪೆಂಟಿಯಂ 4ಕ್ಕಿಂತ ಕಡಿಮೆ ಗಿಗಾಹರ್ಟ್ಸ್‌ನಲ್ಲಿ ಓಡಿಯೂ ಅದನ್ನು ಹಿಂದೆ ಹಾಕಿತು. ಆದ್ದರಿಂದ ಗಿಗಾಹರ್ಟ್ಸ್ ಅಂಕಿಯನ್ನಷ್ಟೇ ನೋಡಿ ಎರಡು ಬೇರೆ ಬೇರೆ ಪ್ರೊಸೆಸರ್‌ಗಳನ್ನು ತೂಗುವುದು ಸರಿಯಲ್ಲ.

ಇಲ್ಲಿ ಪರೀಕ್ಷೆಯಲ್ಲಿ ನೀವು ಮತ್ತೆ ಮತ್ತೆ ಮಾಡುವ ತಪ್ಪೊಂದನ್ನು ತಿದ್ದಬೇಕು. ಮೂರ್ ನಿಯಮವು ವೇಗದ ಬಗ್ಗೆ ಅಲ್ಲ. ಒಂದು ಚಿಪ್ಪಿನಲ್ಲಿ ಇರಿಸಬಹುದಾದ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೆ ಇಮ್ಮಡಿಯಾಗುತ್ತದೆ ಎಂದು ಗಾರ್ಡನ್ ಮೂರ್ 1965ರಲ್ಲಿ ಬರೆದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. "ವೇಗ ಇಮ್ಮಡಿಯಾಗುತ್ತದೆ" ಎಂದು ಬರೆದರೆ ಅಂಕ ಸಿಗುವುದಿಲ್ಲ.

ಕಾಯುತ್ತಿರುವವರು ಯಾರು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಂಪ್ಯೂಟರಿನ ಮುಂದೆ ಕುಳಿತಾಗ ಯಾರು ಯಾರಿಗಾಗಿ ಕಾಯುತ್ತಾರೆ?

ನೀವು ನಿಮಿಷಕ್ಕೆ 40 ಪದ ಟೈಪ್ ಮಾಡುವಿರಿ ಎಂದುಕೊಳ್ಳಿ. ಪದಕ್ಕೆ ಸರಾಸರಿ 5 ಅಕ್ಷರವೆಂದರೆ ನಿಮಿಷಕ್ಕೆ 200 ಬಾರಿ ಕೀಲಿ ಒತ್ತುತ್ತೀರಿ. ಎರಡು ಒತ್ತುವಿಕೆಗಳ ನಡುವೆ 0.3 ಸೆಕೆಂಡ್. ಅಷ್ಟರಲ್ಲಿ 3 ಗಿಗಾಹರ್ಟ್ಸ್‌ನ ಪ್ರೊಸೆಸರ್ 90 ಕೋಟಿ ಬಾರಿ ಮಿಡಿದಿರುತ್ತದೆ. ಒಂದು ಅಕ್ಷರವನ್ನು ಪರದೆಯ ಮೇಲೆ ಮೂಡಿಸಿ, ಉಳಿದ ಹೊತ್ತೆಲ್ಲ ಅದು ನಿಮ್ಮ ಮುಂದಿನ ಬೆರಳಿಗಾಗಿ ಕಾಯುತ್ತಿರುತ್ತದೆ. ಅದರ ವೇಗವನ್ನು ಇಮ್ಮಡಿ ಮಾಡಿದರೆ ಆಗುವುದಿಷ್ಟೇ: ಅದು 90 ಕೋಟಿಯ ಬದಲು 180 ಕೋಟಿ ಮಿಡಿತಗಳ ಕಾಲ ಕಾಯುತ್ತದೆ. ಇನ್ನೊಂದು ಮಾತು. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಮನುಷ್ಯರಿಗೆ ಅದು "ಕೂಡಲೇ" ಬಂದಂತೆ ಅನಿಸುತ್ತದೆ ಎಂಬುದು ಕಂಪ್ಯೂಟರ್ ವಿನ್ಯಾಸಕಾರರು ಬಹುಕಾಲದಿಂದ ಪಾಲಿಸುತ್ತ ಬಂದ ಅಳತೆ. ಅದಕ್ಕಿಂತ ಬೇಗ ಬಂದರೂ ನಮಗೆ ಗೊತ್ತಾಗುವುದೇ ಕಷ್ಟ.

ಆದರೂ ನಾವು ಕಾಯುತ್ತೇವಲ್ಲ, ಅದೇಕೆ? ಒಂದು ಮದುವೆ ಮನೆಯ ಅಡುಗೆಯನ್ನು ನೆನಪಿಸಿಕೊಳ್ಳಿ. ಬಿರಿಯಾನಿ ಮಾಡುವ ಅಡುಗೆಯವರೇ ಪ್ರೊಸೆಸರ್. ಅವರ ಕೈಗೆಟುಕುವ ಮೇಜು ರ್‍ಯಾಮ್. ಸಾಮಾನು ಇಟ್ಟಿರುವ ಉಗ್ರಾಣ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಅಡುಗೆಯವರ ಕೈ ಎಷ್ಟೇ ಚುರುಕಾಗಿದ್ದರೂ ಉಗ್ರಾಣದಿಂದ ಅಕ್ಕಿ ಬರುವುದು ತಡವಾದರೆ ಒಲೆಯ ಮುಂದೆ ಸುಮ್ಮನೆ ನಿಲ್ಲಬೇಕಾಗುತ್ತದೆ.

ಎಷ್ಟು ತಡ? ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡ್ ಬೇಕು. ಸೂಜಿ ಸರಿಯಾದ ಜಾಗಕ್ಕೆ ಸರಿಯಲು ಇನ್ನು ಸುಮಾರು 8. ಒಟ್ಟು 12 ಮಿಲಿಸೆಕೆಂಡ್. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅಲ್ಲಿ ಇದು ಹೆಚ್ಚುಕಡಿಮೆ 0.1 ಮಿಲಿಸೆಕೆಂಡ್. ರ್‍ಯಾಮ್‌ನಲ್ಲಾದರೆ ಸುಮಾರು 100 ನ್ಯಾನೊಸೆಕೆಂಡ್.

ಈ ಅಂಕಿಗಳು ಮನಸ್ಸಿಗೆ ನಿಲ್ಲುವುದಿಲ್ಲ. ಆದ್ದರಿಂದ 3 ಗಿಗಾಹರ್ಟ್ಸ್ ಪ್ರೊಸೆಸರಿನ ಒಂದು ಮಿಡಿತವನ್ನು ಒಂದು ಸೆಕೆಂಡಿಗೆ ಹಿಗ್ಗಿಸಿ ನೋಡಿ. ಆಗ ಮೇಜಿನಿಂದ ಸಾಮಾನು ಕೈಗೆ ಬರಲು 5 ನಿಮಿಷ. ಎಸ್‌ಎಸ್‌ಡಿ ಎಂಬ ಉಗ್ರಾಣದಿಂದ ಬರಲು ಮೂರೂವರೆ ದಿನ. ಹಾರ್ಡ್ ಡಿಸ್ಕ್ ಎಂಬ ಉಗ್ರಾಣದಿಂದ ಬರಲು ಸುಮಾರು ಹದಿಮೂರೂವರೆ ತಿಂಗಳು! ಅಕ್ಕಿಗಾಗಿ ಒಂದು ವರ್ಷಕ್ಕೂ ಹೆಚ್ಚು ಕಾಯುವ ಅಡುಗೆಯವರ ಜಾಗದಲ್ಲಿ ಇನ್ನೂ ಚುರುಕಿನವರನ್ನು ತಂದು ನಿಲ್ಲಿಸಿದರೆ ಊಟ ಬೇಗ ಆಗುತ್ತದೆಯೇ?

ಆಮ್ಡಾಲ್ ಹೇಳಿದ ಲೆಕ್ಕ

1967ರಲ್ಲಿ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕಾರರು ಹಲವು ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸುವ ಕುರಿತು ಒಂದು ವಾದ ಮುಂದಿಟ್ಟರು. ಅದರ ಸಾರ ನಮ್ಮ ಪ್ರಶ್ನೆಗೂ ಹೊಂದುತ್ತದೆ: ಒಂದು ಕೆಲಸದ ಯಾವ ಭಾಗವನ್ನು ವೇಗಗೊಳಿಸುತ್ತೀರೋ ಆ ಭಾಗ ಒಟ್ಟು ಸಮಯದಲ್ಲಿ ಎಷ್ಟಿತ್ತೋ ಅಷ್ಟಕ್ಕಷ್ಟೇ ಲಾಭ.

ಉದಾಹರಣೆಗೆ, ಒಂದು ಕೆಲಸಕ್ಕೆ 10 ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಅದರಲ್ಲಿ ಇಂಟರ್ನೆಟ್ಟಿಗೆ 6, ಡಿಸ್ಕಿಗೆ 3, ಪ್ರೊಸೆಸರಿಗೆ 1 ಸೆಕೆಂಡ್. ಪ್ರೊಸೆಸರಿನ ವೇಗ ಇಮ್ಮಡಿಯಾದರೆ ಒಟ್ಟು ಸಮಯ 9.5 ಸೆಕೆಂಡ್. ಅನಂತ ವೇಗದ ಪ್ರೊಸೆಸರ್ ತಂದರೂ 9 ಸೆಕೆಂಡ್. ಅದರ ಬದಲು ಡಿಸ್ಕನ್ನು ಹತ್ತು ಪಟ್ಟು ಚುರುಕುಗೊಳಿಸಿದರೆ 7.3 ಸೆಕೆಂಡ್. ಹಣವನ್ನು ಎಲ್ಲಿ ಹಾಕಬೇಕೆಂದು ನೀವೇ ಹೇಳಿ.

ಇದನ್ನು ನಾವು ಲ್ಯಾಬಿನಲ್ಲೂ ಕಂಡೆವು. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರೊಂದು ಆನ್ ಆಗಿ ಕೆಲಸಕ್ಕೆ ಸಿದ್ಧವಾಗಲು ಮೂರು ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತಿತ್ತು. ಗುಜರಿಗೆ ಹಾಕಬೇಕೆಂದು ಪಟ್ಟಿಯನ್ನೂ ಬರೆದಾಗಿತ್ತು. ಕೊನೆಯ ಪ್ರಯತ್ನವೆಂದು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆವು. ಸಿಪಿಯು ಕಾಲಂನಲ್ಲಿ ಶೇ. 10ರ ಆಸುಪಾಸು, ಡಿಸ್ಕ್ ಕಾಲಂನಲ್ಲಿ ಶೇ. 100! ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಇನ್ನೊಂದು 4 ಜಿಬಿ ರ್‍ಯಾಮ್ ಸೇರಿಸಿದೆವು. ಅದೇ ಪ್ರೊಸೆಸರ್, ಅರ್ಧ ನಿಮಿಷದೊಳಗೆ ಸಿದ್ಧ. ಈಗಲೂ ಪ್ರಥಮ ಪಿಯುಸಿಯವರು ಅದರಲ್ಲೇ ಪೈಥಾನ್ ಕಲಿಯುತ್ತಿದ್ದಾರೆ.

ಹಾಗಾದರೆ ಹಳೆಯದು ನಿಧಾನವಾಗುವುದು ಸುಳ್ಳೇ?

ಸುಳ್ಳಲ್ಲ. ಆದರೆ ಪ್ರೊಸೆಸರ್ ಮುದಿಯಾಗಿ ನಿಧಾನವಾಗುವುದಿಲ್ಲ. ಅದರ ಮೇಲೆ ಹೊರಿಸುವ ಹೊರೆ ಹೆಚ್ಚುತ್ತದೆ. ಪ್ಯಾಸ್ಕಲ್ ಭಾಷೆಯನ್ನು ರೂಪಿಸಿದ ನಿಕ್ಲಾಸ್ ವಿರ್ತ್ 1995ರಲ್ಲೇ ಇದನ್ನು ಗುರುತಿಸಿದರು. ಯಂತ್ರಗಳು ಚುರುಕಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಎಂಬುದು ಅವರ ದೂರು. ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ 4 ಜಿಬಿ ರ್‍ಯಾಮ್ ತುಂಬಿಹೋಗುತ್ತದೆ. ಆಗ ಕಂಪ್ಯೂಟರ್ ಮೇಜಿನ ಸಾಮಾನನ್ನು ಉಗ್ರಾಣಕ್ಕೆ ಒಯ್ದು ತರುವುದರಲ್ಲೇ ಹೊತ್ತು ಕಳೆಯುತ್ತದೆ. ಮದ್ದು ದೊಡ್ಡ ಮೇಜು, ಹೊಸ ಅಡುಗೆಯವರಲ್ಲ.

ಇನ್ನೊಂದು ಕಾರಣಕ್ಕೂ ವೇಗಕ್ಕೂ ಸಂಬಂಧವಿಲ್ಲ. ವಿಂಡೋಸ್ 10ಕ್ಕೆ ಉಚಿತ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳಿಲ್ಲ. ಕೆಲಸ ಮಾಡುತ್ತಿದ್ದರೂ ಸುರಕ್ಷತಾ ಅಪ್‌ಡೇಟ್ ಸಿಗದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯ. ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ಓದು-ಬರಹಕ್ಕೆ ಬಳಸಬಹುದು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸ್‌ನಲ್ಲೇ ಕಂಪ್ಯೂಟರ್ ಪಾಠ ನಡೆಸುತ್ತಿವೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಉಂಟಾದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಒಂದು ಲ್ಯಾಪ್‌ಟಾಪನ್ನು ಎರಡು ವರ್ಷ ಹೆಚ್ಚು ಬಳಸುವುದೂ ಆ ರಾಶಿಯನ್ನು ಅಷ್ಟಕ್ಕಷ್ಟು ತಗ್ಗಿಸಿದಂತೆಯೇ.

ವೇಗ ನಿಜಕ್ಕೂ ಬೇಕಾದವರು

ವೇಗದ ಪ್ರೊಸೆಸರ್ ಯಾರಿಗೂ ಬೇಡ ಎಂದು ನಾನು ಹೇಳುತ್ತಿಲ್ಲ. ವೀಡಿಯೊ ಎಡಿಟ್ ಮಾಡುವವರು, ಕಟ್ಟಡದ ತ್ರೀಡಿ ನಕ್ಷೆ ತಯಾರಿಸುವವರು, ದೊಡ್ಡ ಸಾಫ್ಟ್‌ವೇರ್ ಕಂಪೈಲ್ ಮಾಡುವವರು ಇವರೆಲ್ಲ ಪ್ರೊಸೆಸರಿಗಾಗಿ ನಿಜವಾಗಿಯೂ ಕಾಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್, ಅಲ್ಲಿಯ ಸಂಶೋಧಕರಿಗೆ ಅದಕ್ಕಿಂತ ಹೆಚ್ಚು ಸಿಕ್ಕರೂ ಬೇಡವೆನ್ನಲಾರರು. ಹೊಸ ಪ್ರೊಸೆಸರ್‌ಗಳು ಕಡಿಮೆ ವಿದ್ಯುತ್ತಿನಲ್ಲಿ ಅದೇ ಕೆಲಸ ಮಾಡಿ ಬ್ಯಾಟರಿ ಉಳಿಸುತ್ತವೆ ಎಂಬುದೂ ನಿಜವಾದ ಲಾಭವೇ. ಪ್ರಶ್ನೆ ಇರುವುದು ನಿಮ್ಮ ಕೆಲಸ ಯಾವುದು ಎಂಬುದರಲ್ಲಿ.

ಕೊಳ್ಳುವ ಮುನ್ನ

1. ಮೊದಲು ಎಸ್‌ಎಸ್‌ಡಿ ಇದೆಯೇ ನೋಡಿ. ಇದರಲ್ಲಿ ರಾಜಿ ಬೇಡ.

2. ರ್‍ಯಾಮ್ ಕನಿಷ್ಠ 8 ಜಿಬಿ ಇರಲಿ. ಮುಂದೆ ಹೆಚ್ಚಿಸಲು ಅವಕಾಶವಿದೆಯೇ ಎಂದು ಕೇಳಿ.

3. ಐ-3, ಐ-5, ಐ-7 ಎಂಬ ಹೆಸರಿಗಿಂತ ತಲೆಮಾರು ಮುಖ್ಯ. 2015ರಲ್ಲಿ ಬಂದ ಐ7-5500ಯು ಪ್ರೊಸೆಸರಿನಲ್ಲಿ ಇದ್ದದ್ದು 2 ಕೋರ್. 2022ರ ಐ3-1215ಯು ಪ್ರೊಸೆಸರಿನಲ್ಲಿ 6 ಕೋರ್. "ಐ-7" ಎಂಬ ಸ್ಟಿಕ್ಕರ್ ನೋಡಿ ಹಳೆಯ ಯಂತ್ರಕ್ಕೆ ಹೆಚ್ಚು ಹಣ ಕೊಡಬೇಡಿ.

4. ದಿನಕ್ಕೆ ನಾಲ್ಕು ಗಂಟೆ ಕಣ್ಣು ಪರದೆಯ ಮೇಲೆ, ಬೆರಳು ಕೀಲಿಮಣೆಯ ಮೇಲೆ ಇರುತ್ತದೆ. ಪ್ರೊಸೆಸರಿನಲ್ಲಿ ಉಳಿಸಿದ ಹಣದ ಸ್ವಲ್ಪ ಭಾಗವನ್ನು ಅವುಗಳಿಗೆ ಕೊಡಿ.

5. ಗಲ್ಫಿನಿಂದ ತರಿಸುವುದಾದರೆ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಕೇಳಿ. ಅಲ್ಲಿಯ ಎಷ್ಟೋ ಲ್ಯಾಪ್‌ಟಾಪ್‌ಗಳ ಕೀಲಿಗಳ ಮೇಲೆ ಅರಬಿ ಅಕ್ಷರಗಳೂ ಇರುತ್ತವೆ. ಅದರಿಂದ ತೊಂದರೆ ಇಲ್ಲ, ಆದರೆ ಮೊದಲೇ ತಿಳಿದಿರಲಿ.

ಆ ವಿದ್ಯಾರ್ಥಿನಿಗೆ ಹೊಸ ತಲೆಮಾರಿನ ಐ-3, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. "ಎರಡು ವರ್ಷದಲ್ಲಿ ಸ್ಲೋ ಆದ್ರೆ ಸರ್?" ಎಂದಳು. "ಆಗ ಟಾಸ್ಕ್ ಮ್ಯಾನೇಜರ್ ತೆರೆದು ಯಾವ ಕಾಲಂ ತುಂಬಿದೆ ನೋಡು, ಅದನ್ನು ಬದಲಾಯಿಸು" ಎಂದೆ. ಈ ವರ್ಷ ಅವಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮೊನ್ನೆ ಅಂಕಪಟ್ಟಿ ಒಯ್ಯಲು ಬಂದಾಗ ಬ್ಯಾಗಿನಲ್ಲಿ ಅದೇ ಲ್ಯಾಪ್‌ಟಾಪ್ ಇತ್ತು.

ಅಭ್ಯಾಸ

1. ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅರ್ಧ ಸುತ್ತಿಗೆ ಎಷ್ಟು ಮಿಲಿಸೆಕೆಂಡ್ ಬೇಕು?

2. 20 ಸೆಕೆಂಡಿನ ಒಂದು ಕೆಲಸದಲ್ಲಿ ಪ್ರೊಸೆಸರಿನ ಪಾಲು 8 ಸೆಕೆಂಡ್. ಪ್ರೊಸೆಸರ್ ನಾಲ್ಕು ಪಟ್ಟು ಚುರುಕಾದರೆ ಒಟ್ಟು ಸಮಯ ಎಷ್ಟು?

3. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ನಿಮ್ಮ ದಿನನಿತ್ಯದ ಕೆಲಸವನ್ನು ಹತ್ತು ನಿಮಿಷ ಮಾಡುತ್ತ ಸಿಪಿಯು, ಮೆಮೊರಿ, ಡಿಸ್ಕ್ ಕಾಲಂಗಳ ಅಂಕಿಗಳನ್ನು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ನಿಮ್ಮ ಕಂಪ್ಯೂಟರ್ ಕಾಯುತ್ತಿರುವುದು ಯಾವುದಕ್ಕಾಗಿ?

ಉತ್ತರಗಳನ್ನು ಬರೆದುಕೊಂಡು ಮುಂದಿನ ಲ್ಯಾಬ್ ತರಗತಿಗೆ ಬನ್ನಿ.