ಸ್ಪೀಕರಿಗೆ ಹೋಗೋ ಕರೆಂಟನ್ನು ಅಳೆಯೋದು ಹೇಗೆ?

ಮಿನಿ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಲ್ಯಾಬಲ್ಲಿ ಎರಡು ಮೂರು ಬ್ಯಾಚಿನವರಾದ್ರೂ ಆಂಪ್ಲಿಫೈಯರ್ ಕಟ್ಟುತ್ತಾ ಕೂತಿರುತ್ತಾರೆ. ಟಿಡಿಎ2030 ಐಸಿ, ಹೀಟ್‌ಸಿಂಕ್, 8 ಓಮ್ ಸ್ಪೀಕರ್, ±16 ವೋಲ್ಟ್ ಸಪ್ಲೈ. ಹಾಡು ಬರುತ್ತೆ, ಎಲ್ಲರಿಗೂ ಖುಷಿ. ಆಮೇಲೆ ವೈವಾದಲ್ಲಿ "10 ವ್ಯಾಟ್ ಅಂತ ಬರೆದಿದ್ದೀರಲ್ಲ, ಲೋಡಿಗೆ ಎಷ್ಟು ಕರೆಂಟ್ ಹೋಗ್ತಿದೆ?" ಅಂತ ಕೇಳಿದರೆ ಹೆಚ್ಚಿನವರ ಕೈ ಪವರ್ ಸಪ್ಲೈನ ಡಿಸ್‌ಪ್ಲೇ ಕಡೆ ಹೋಗುತ್ತೆ. ಅಲ್ಲಿ ಸುಮಾರು ಅರ್ಧ ಆಂಪಿಯರ್ ಅಂತ ತೋರಿಸ್ತಿರುತ್ತೆ. ಆ ಸಂಖ್ಯೆ ಸರಿಯಾಗೇ ಇದೆ, ಆದರೆ ಅದು ಬೇರೆ ಪ್ರಶ್ನೆಯ ಉತ್ತರ.

ಲೆಕ್ಕ ಹಾಕಿ ನೋಡೋಣ. 8 ಓಮ್ ಲೋಡಿಗೆ 10 ವ್ಯಾಟ್ ಸೈನ್ ವೇವ್ ಹೋಗಬೇಕಾದ್ರೆ ಆರ್‌ಎಂಎಸ್ ಕರೆಂಟ್ 1.12 ಆಂಪಿಯರ್, ಪೀಕ್ 1.58 ಆಂಪಿಯರ್. ಡಿಸ್‌ಪ್ಲೇ ತೋರಿಸೋದು ಸರಾಸರಿ. ಪ್ಲಸ್ ರೈಲ್ ಮೇಲಿನ ಅರ್ಧ ಸೈಕಲ್ಲಿಗೆ, ಮೈನಸ್ ರೈಲ್ ಕೆಳಗಿನ ಅರ್ಧ ಸೈಕಲ್ಲಿಗೆ ಕರೆಂಟ್ ಕೊಡುತ್ತೆ. ಹೀಗೆ ಅರ್ಧ ಸೈಕಲ್ ಮಾತ್ರ ದುಡಿಯುವ ರೈಲಿನ ಸರಾಸರಿ ಅಂದ್ರೆ ಪೀಕನ್ನು ಪೈನಿಂದ ಭಾಗಿಸಬೇಕು: 1.58/3.14, ಸುಮಾರು 0.5 ಆಂಪಿಯರ್. ಎರಡೂ ರೈಲು ಸೇರಿ ಸಪ್ಲೈಯಿಂದ ಎಳೆಯೋದು 16 ವ್ಯಾಟ್, ಸ್ಪೀಕರಿಗೆ ಹೋಗೋದು 10, ಉಳಿದ 6 ಹೀಟ್‌ಸಿಂಕಿಗೆ. ಮುಟ್ಟಿ ನೋಡಿದವರಿಗೆ ಈ 6ರ ಪರಿಚಯ ಇದ್ದೇ ಇರುತ್ತೆ!

ಹಾಗಾದರೆ ಲೋಡಿನ ಕರೆಂಟನ್ನೇ ನೇರವಾಗಿ ಅಳೆಯೋದು ಹೇಗೆ? ಹಾಸ್ಟೆಲಲ್ಲಿ ಎಲ್ಲರ ಹತ್ತಿರ ಇರೋ ಅಗ್ಗದ ಡಿಟಿ-830 ಮಲ್ಟಿಮೀಟರಿನಲ್ಲಿ ಎಸಿ ಕರೆಂಟ್ ರೇಂಜೇ ಇಲ್ಲ. ಅದರ 10 ಆಂಪಿಯರ್ ಕಿಂಡಿ ಡಿಸಿಗೆ ಮಾತ್ರ. ಎಸಿ ವೋಲ್ಟೇಜಿನಲ್ಲೂ ಅತಿ ಚಿಕ್ಕ ರೇಂಜ್ 200 ವೋಲ್ಟ್. ಆದರೂ ಅದನ್ನು ಪೂರ್ತಿ ಬಿಸಾಡಬೇಕಿಲ್ಲ. ಸ್ಪೀಕರ್ ತೆಗೆದು 8 ಓಮಿನ 25 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್ ಹಾಕಿ, 100 ಹರ್ಟ್ಸ್ ಸೈನ್ ಕೊಟ್ಟು, ಅದರ ಮೇಲಿನ ವೋಲ್ಟೇಜ್ ಓದಿ, 8ರಿಂದ ಭಾಗಿಸಿ. 8.9 ಬಂದರೆ 1.1 ಆಂಪಿಯರ್. 1 ಕಿಲೋಹರ್ಟ್ಸಿಗೆ ಮಾತ್ರ ಈ ಮೀಟರನ್ನು ನಂಬಬೇಡಿ, 400 ಹರ್ಟ್ಸ್ ದಾಟಿದ ಮೇಲೆ ಅದು ಹೊಣೆ ಹೊರಲ್ಲ. ವಾಲ್ಯೂಮ್ ಜಾಸ್ತಿಯಾಗಿ ವೇವ್ ಕ್ಲಿಪ್ ಆದರೂ ಓದು ಕೆಡುತ್ತೆ. ಮೀಟರ್ ಸರಾಸರಿ ನೋಡಿ 1.11ರಿಂದ ಗುಣಿಸುವ ಜಾತಿಯದು, ಹಾಗಾಗಿ ಪೂರ್ತಿ ಸ್ಕ್ವೇರ್ ವೇವಿಗೆ 11 ಪರ್ಸೆಂಟ್ ಜಾಸ್ತಿ ತೋರಿಸುತ್ತೆ.

ಇದೇ ಭಾಗಾಕಾರವನ್ನು ಸ್ಪೀಕರ್ ಇಟ್ಟುಕೊಂಡು ಮಾಡಬಾರದು. 8 ಓಮ್ ಅನ್ನೋದು ಸ್ಪೀಕರಿನ ಹೆಸರು ಅಷ್ಟೇ. ಮೀಟರಲ್ಲಿ ಓದಿದರೆ 6ರಿಂದ 7 ಓಮ್ ಸಿಗುತ್ತೆ, ರೆಸೊನೆನ್ಸ್ ಹತ್ತಿರ ಇಂಪೀಡೆನ್ಸ್ ಅದರ ಮೂರು ನಾಲ್ಕು ಪಟ್ಟು ಏರುತ್ತೆ, ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಕಾಯಿಲಿನ ಇಂಡಕ್ಟೆನ್ಸ್ ಬಂದು ಸೇರಿಕೊಳ್ಳುತ್ತೆ. ನಿಜವಾದ ಸ್ಪೀಕರಿನ ಕರೆಂಟ್ ಬೇಕು ಅಂದ್ರೆ ಸೀರೀಸಲ್ಲಿ ಒಂದು ಸೆನ್ಸ್ ರೆಸಿಸ್ಟರ್ ಬೇಕೇ ಬೇಕು. 0.1 ಓಮ್ ಸಾಕು. 1.12 ಆಂಪಿಯರಿಗೆ 112 ಮಿಲಿವೋಲ್ಟ್ ಬರುತ್ತೆ, ಸ್ಕೋಪಿನಲ್ಲಿ ಚೆನ್ನಾಗಿ ಕಾಣುತ್ತೆ, ಲೋಡಿಗೂ ಅದು ಇದೆ ಅಂತ ಹೆಚ್ಚುಕಡಿಮೆ ಗೊತ್ತೇ ಆಗಲ್ಲ.

ಎಲ್ಲಾ ಕಿತಾಪತಿ ಇರೋದು ಈ 0.1 ಓಮಿನಲ್ಲೇ. ಬ್ರೆಡ್‌ಬೋರ್ಡಿಗೆ ಚುಚ್ಚಿದರೆ ಕಾಂಟ್ಯಾಕ್ಟುಗಳೇ 0.03 ಓಮ್ ಸೇರಿಸಿಬಿಡಬಹುದು. ಆಗ ಓದು 30 ಪರ್ಸೆಂಟ್ ಜಾಸ್ತಿ. ಆದ್ದರಿಂದ ಬೆಸುಗೆ ಹಾಕಿ, ಸ್ಕೋಪಿಗೆ ಹೋಗುವ ಎರಡು ವೈರುಗಳನ್ನು ಬೇರೆಯಾಗಿ ರೆಸಿಸ್ಟರಿನ ಬುಡದಿಂದಲೇ ತೆಗೆಯಿರಿ. ಎರಡನೆಯದು ಇಂಡಕ್ಟೆನ್ಸ್. ವೈರ್‌ವೌಂಡ್ ರೆಸಿಸ್ಟರಿನಲ್ಲಿ ಬರೀ 1 ಮೈಕ್ರೋಹೆನ್ರಿ ಇದೆ ಅಂದ್ಕೊಳ್ಳಿ. 20 ಕಿಲೋಹರ್ಟ್ಸಿಗೆ ಅದು 0.126 ಓಮ್, ಅಂದ್ರೆ ನಮ್ಮ ರೆಸಿಸ್ಟರಿಗಿಂತ ದೊಡ್ಡದು! 8 ಓಮಿನ ಲೋಡ್ ಇದನ್ನು ಕ್ಷಮಿಸುತ್ತೆ, 0.1 ಓಮ್ ಕ್ಷಮಿಸಲ್ಲ. ಸುಲಭದ ದಾರಿ ಅಂದ್ರೆ 1 ಓಮಿನ ಹತ್ತು ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನು ಪ್ಯಾರಲಲ್ ಜೋಡಿಸೋದು. ಕಾಲು ವ್ಯಾಟಿನವಾದರೂ ನಡೆಯುತ್ತೆ, ಎಲ್ಲಾ ಸೇರಿ ಸುಡೋದು 0.125 ವ್ಯಾಟ್ ಮಾತ್ರ. ಜೋಡಿಸಿದ ಮೇಲೆ ಬೆಂಚ್ ಸಪ್ಲೈನ ಕರೆಂಟ್ ಲಿಮಿಟನ್ನು 1 ಆಂಪಿಯರಿಗೆ ಇಟ್ಟು ಡಿಸಿ ಹರಿಸಿ, ಆ ಎರಡು ವೈರಿನ ನಡುವೆ ಮಿಲಿವೋಲ್ಟ್ ಓದಿ. 104 ಬಂತಾ? ಹಾಗಾದ್ರೆ ನಿಮ್ಮ ರೆಸಿಸ್ಟರ್ 0.104 ಓಮ್. ಇಲ್ಲಿ ಡಿಟಿ-830 ಚೆನ್ನಾಗೇ ಕೆಲಸಕ್ಕೆ ಬರುತ್ತೆ.

ಜಾಗ ಯಾವುದು? ಟಿಡಿಎ2030 ಸರ್ಕ್ಯೂಟಿನಲ್ಲಿ ಸ್ಪೀಕರಿನ ಒಂದು ತುದಿ ಗ್ರೌಂಡಿಗೆ ಹೋಗುತ್ತಲ್ಲ, ಅಲ್ಲೇ, ಸ್ಪೀಕರಿಗೂ ಗ್ರೌಂಡಿಗೂ ನಡುವೆ. ಪ್ರೋಬಿನ ಕ್ಲಿಪ್ ಗ್ರೌಂಡ್ ಕಡೆಯ ತುದಿಗೆ. ಫೀಡ್‌ಬ್ಯಾಕಿನ ಗ್ರೌಂಡ್ ಮಾತ್ರ ಮೊದಲು ಎಲ್ಲಿತ್ತೋ ಅಲ್ಲೇ ಇರಲಿ.

ಇದೇ ಕೈಚಳಕವನ್ನು ಪಿಎಎಂ8403ರ ಪುಟಾಣಿ ಬೋರ್ಡಿನ ಮೇಲೆ ತೋರಿಸಲು ಹೋದರೆ ಐಸಿಗೆ ಮಂಗಳಾರತಿ. ಅದು ಬ್ರಿಡ್ಜ್ ಔಟ್‌ಪುಟ್. ಸ್ಪೀಕರಿನ ಎರಡೂ ತುದಿಗಳನ್ನು ಐಸಿಯೇ ಎಳೆದಾಡುತ್ತೆ, ಯಾವುದೂ ಗ್ರೌಂಡ್ ಅಲ್ಲ. ಸ್ಕೋಪಿನ ಕ್ಲಿಪ್ ಅರ್ಥಿಗೆ ಸೇರಿರುತ್ತೆ, ಸಿಗ್ನಲ್ ಜನರೇಟರಿನ ಗ್ರೌಂಡೂ ಸಾಮಾನ್ಯವಾಗಿ ಅಲ್ಲಿಗೇ. ಹಾಗಾಗಿ ಬೋರ್ಡನ್ನು ಪವರ್ ಬ್ಯಾಂಕಿನಲ್ಲಿ ಓಡಿಸಿದರೂ ಕ್ಲಿಪ್ ಸಿಕ್ಕಿಸಿದ ಕ್ಷಣ ಔಟ್‌ಪುಟ್ ಶಾರ್ಟ್. ಕೆಲವರು ಸ್ಕೋಪಿನ ಪ್ಲಗ್ಗಿನಿಂದ ಅರ್ಥ್ ಪಿನ್ ತಪ್ಪಿಸಿ ಕೆಲಸ ಸಾಗಿಸ್ತಾರೆ. ಇದನ್ನಂತೂ ಯಾರೂ ಮಾಡಬೇಡಿ. ಒಳಗೆ ಇನ್ಸುಲೇಷನ್ ಕೈಕೊಟ್ಟರೆ 230 ವೋಲ್ಟ್ ಸ್ಕೋಪಿನ ಮೈಮೇಲೇ ಬಂದು ಕೂರುತ್ತೆ. ಎರಡು ಪ್ರೋಬ್ ಹಾಕಿ ಮ್ಯಾಥ್ ಮೆನುವಿನಲ್ಲಿ ಕಳೆಯಬಹುದು. ಆದರೆ 5 ವೋಲ್ಟಿನ ಸ್ವಿಚಿಂಗ್ ಗದ್ದಲದ ನಡುವೆ ಕೆಲವು ಹತ್ತು ಮಿಲಿವೋಲ್ಟ್ ಹುಡುಕೋದು ಸಂತೆಯಲ್ಲಿ ಪಿಸುಮಾತು ಕೇಳಿದ ಹಾಗೆ.

ಇಲ್ಲಿ ನಮ್ಮ ಆಯ್ಕೆ ಎಸಿಎಸ್712 ಹಾಲ್ ಸೆನ್ಸರ್, 5 ಆಂಪಿಯರಿನದು. ಕರೆಂಟ್ ಹೋಗುವ ದಾರಿಗೂ ಔಟ್‌ಪುಟ್ ಪಿನ್ನಿಗೂ ಒಳಗೆ ವಿದ್ಯುತ್ ಸಂಪರ್ಕವೇ ಇಲ್ಲ, ಆದ್ದರಿಂದ ಕ್ಲಿಪ್ಪಿನ ಭಯ ಇಲ್ಲ. ಆಂಪಿಯರಿಗೆ 185 ಮಿಲಿವೋಲ್ಟ್ ಕೊಡುತ್ತೆ. 4 ಓಮಿಗೆ 2 ವ್ಯಾಟ್ ಅಂದ್ರೆ 0.707 ಆಂಪಿಯರ್, ಸ್ಕೋಪಿನಲ್ಲಿ 131 ಮಿಲಿವೋಲ್ಟ್ ಆರ್‌ಎಂಎಸ್. ಅದರ ಬ್ಯಾಂಡ್‌ವಿಡ್ತ್ 80 ಕಿಲೋಹರ್ಟ್ಸ್. ಆಡಿಯೋ ಸಲೀಸಾಗಿ ದಾಟುತ್ತೆ, ಕೆಲವು ನೂರು ಕಿಲೋಹರ್ಟ್ಸಿನ ಸ್ವಿಚಿಂಗ್ ತಾನಾಗೇ ತಗ್ಗುತ್ತೆ. ಕರೆಂಟ್ ಇಲ್ಲದಾಗಲೂ 2.5 ವೋಲ್ಟ್ ಇರೋದರಿಂದ ಸ್ಕೋಪನ್ನು ಎಸಿ ಕಪ್ಲಿಂಗಿಗೆ ಹಾಕಿ. ನಾಯ್ಸ್ ಸ್ವಲ್ಪ ಜಾಸ್ತಿ, ಹತ್ತಿಪ್ಪತ್ತು ಮಿಲಿಆಂಪಿಯರ್ ಅಳೆಯೋ ಆಸೆ ಬೇಡ. ಸ್ಪೀಕರ್ ಬದಲು ರೆಸಿಸ್ಟರ್ ಲೋಡ್ ಹಾಕುವುದಾದರೆ ಅದರ ಜೊತೆ ಸೀರೀಸಲ್ಲಿ 33 ಮೈಕ್ರೋಹೆನ್ರಿಯ ಇಂಡಕ್ಟರ್ ಒಂದನ್ನು ಸೇರಿಸಿ. ಇಂಥ ಫಿಲ್ಟರ್ ಇಲ್ಲದ ಕ್ಲಾಸ್ ಡಿ ಬೋರ್ಡುಗಳು ಸ್ಪೀಕರಿನ ಕಾಯಿಲನ್ನು ನಂಬಿಕೊಂಡೇ ಡಿಸೈನ್ ಆಗಿರುತ್ತವೆ.